ಶೇಂಗಾ ಚಟ್ನಿ ತಿಂದ ಟೈಗರ್: ಭಯ ಖಾರದ್ದಲ್ಲ, ಬಳ್ಳೊಳ್ಳಿಯದು

ಪ್ರಶ್ನೆ: ನಮ್ಮದು ಕಲಬುರಗಿ. ಮನೆಯಲ್ಲಿ 11 ಕೆಜಿ ತೂಕದ ನಾಟಿ ನಾಯಿ ಇದೆ, ಹೆಸರು ಟೈಗರ್. ಮೊನ್ನೆ ರಾತ್ರಿ ಶೇಂಗಾ ಚಟ್ನಿ ಡಬ್ಬಿ ಕೆಡವಿ ಅರ್ಧದಷ್ಟು ತಿಂದುಬಿಟ್ಟಿದೆ. ಒಂದು ಸಲ ವಾಂತಿ ಮಾಡಿತು. ಪಕ್ಕದ ಮನೆಯವರು ಉಪ್ಪುನೀರು ಕುಡಿಸಿ ಅಂದರು, ನಾವು ಕುಡಿಸಲಿಲ್ಲ. ಈಗ ಆರಾಮಾಗಿದೆ, ಉಣ್ಣುತ್ತಿದೆ. ನಮ್ಮ ಅತ್ತೆ ‘ಬಳ್ಳೊಳ್ಳಿ ತಿಂದರ ಹುಳ ಸಾಯ್ತಾವ, ಒಳ್ಳೇದೇ ಆತು’ ಅಂತಾರೆ. ಡಾಕ್ಟರ್ ಹತ್ತಿರ ಹೋಗಬೇಕಾ?

ಉತ್ತರ: ಹೋಗಿ, ಇವತ್ತೇ ಹೋಗಿ. ಟೈಗರ್ ಆರಾಮಾಗಿ ಕಾಣುತ್ತಿದೆ ಅನ್ನುವುದೇ ಇಲ್ಲಿ ಮೋಸ.

ಖಾರದಿಂದ ಆಗುವುದು ಕಣ್ಣಿಗೆ ಕಾಣುತ್ತದೆ. ಬಾಯಿ ಉರಿ, ಜೊಲ್ಲು, ವಾಂತಿ, ಭೇದಿ. ಸಾಮಾನ್ಯವಾಗಿ ಒಂದೆರಡು ದಿನದಲ್ಲಿ ಇಳಿಯುತ್ತದೆ. ಬಳ್ಳೊಳ್ಳಿ, ಉಳ್ಳಾಗಡ್ಡಿ ಹಾಗಲ್ಲ. ಇವುಗಳಲ್ಲಿರುವ ಗಂಧಕದ ಅಂಶಗಳು ನಾಯಿಯ ಕೆಂಪು ರಕ್ತಕಣಗಳನ್ನು ಒಡೆಯುತ್ತವೆ. ಅದು ನಿಧಾನಕ್ಕೆ ನಡೆಯುವ ಕೆಲಸ. ಲಕ್ಷಣ ಕಾಣಲು ಮೂರು, ನಾಲ್ಕು, ಕೆಲವು ಸಲ ಅದಕ್ಕಿಂತ ಜಾಸ್ತಿ ದಿನ ಬೇಕು. ಅಷ್ಟರಲ್ಲಿ ಚಟ್ನಿ ತಿಂದದ್ದು ಮನೆಯವರಿಗೇ ಮರೆತಿರುತ್ತದೆ.

ಎಷ್ಟು ತಿಂದರೆ ಅಪಾಯ? ಪ್ರತಿ ಕೆಜಿ ತೂಕಕ್ಕೆ 15ರಿಂದ 30 ಗ್ರಾಂ ಉಳ್ಳಾಗಡ್ಡಿ ಸಾಕು ಎನ್ನುತ್ತಾರೆ. ಟೈಗರ್ ಲೆಕ್ಕದಲ್ಲಿ 165 ಗ್ರಾಂ, ಅಂದರೆ ಎರಡು ಮಧ್ಯಮ ಗಡ್ಡೆ. ಬಳ್ಳೊಳ್ಳಿ ಅದಕ್ಕಿಂತ ಬಿರುಸು, ಕಡಿಮೆಯೇ ಸಾಕು. ಬೇಯಿಸಿದರೂ ಹುರಿದರೂ ವಿಷ ಹೋಗುವುದಿಲ್ಲ. ಒಣಗಿಸಿ ಪುಡಿ ಮಾಡಿದರೆ ನೀರು ಹೋಗಿ ಇನ್ನೂ ಗಟ್ಟಿಯಾಗುತ್ತದೆ. ನಿಮ್ಮ ಚಟ್ನಿಗೆ ಎಷ್ಟು ಎಸಳು ಹಾಕಿದ್ದಿರಿ ಅಂತ ಅತ್ತೆಯವರನ್ನೇ ಕೇಳಿ, ಡಾಕ್ಟರಿಗೆ ಹೇಳಿ. ಅವರಿಗೆ ಬೇಕಾದ ಮೊದಲ ಮಾಹಿತಿ ಅದೇ.

ಮನೆಯಲ್ಲಿ ಇನ್ನೂ ಒಂದು ವಾರ ಇಷ್ಟು ನೋಡಿ. ತುಟಿ ಎತ್ತಿ ಒಸಡು ನೋಡಿ: ಗುಲಾಬಿ ಬಣ್ಣ ಹೋಗಿ ಬಿಳಿಚಿದೆಯಾ, ಹಳದಿ ಬಂದಿದೆಯಾ? ಮೂತ್ರ ಕಪ್ಪು ಚಹಾದ ಹಾಗೆ ಅಥವಾ ಕೆಂಪಗೆ ಇದೆಯಾ? ಏದುಸಿರು ಮಾತ್ರ ನಮ್ಮ ಕಡೆ ಮೋಸ ಮಾಡುತ್ತದೆ. ಬೇಸಿಗೆಯಲ್ಲಿ ಕಲಬುರಗಿಯ ಯಾವ ನಾಯಿ ತಾನೇ ನಾಲಿಗೆ ಚಾಚಿಕೊಂಡು ಕೂರುವುದಿಲ್ಲ? ಆದರೆ ಬೆಳಗಿನ ತಂಪಿನಲ್ಲಿ, ಸುಮ್ನೆ ಮಲಗಿದ್ದಾಗಲೂ ಏದುತ್ತಿದ್ದರೆ ಅದು ಬಿಸಿಲಿನದಲ್ಲ.

ರಕ್ತ ಪರೀಕ್ಷೆ ಕೇಳಿ ಮಾಡಿಸಿ. ಇವತ್ತು ಸರಿಯಿದ್ದರೂ ಎರಡು ದಿನ ಬಿಟ್ಟು ಮತ್ತೊಮ್ಮೆ ಮಾಡಿಸಿ. ಇದಕ್ಕೆಂದೇ ಇರುವ ಪ್ರತಿವಿಷ ಇಲ್ಲ. ಸಲೈನ್, ಆಮ್ಲಜನಕ, ತೀರಾ ಹೆಚ್ಚಾದರೆ ಇನ್ನೊಂದು ನಾಯಿಯ ರಕ್ತ ಕೊಡುವುದು, ಇಷ್ಟೇ ದಾರಿ. ಅಂಥ ಸ್ಥಿತಿ ಬಂದರೆ ಬೀದರ್‌ನ ಪಶುವೈದ್ಯಕೀಯ ಕಾಲೇಜಿನ ಆಸ್ಪತ್ರೆಗೂ ಒಯ್ಯಬಹುದಾ ಅಂತ ನಿಮ್ಮ ಡಾಕ್ಟರನ್ನು ಕೇಳಿ.

ಉಪ್ಪುನೀರು ಕುಡಿಸದೇ ಒಳ್ಳೆಯದು ಮಾಡಿದಿರಿ. ಅದು ಹಳೆಯ ಮನೆಮದ್ದು, ಆದರೆ ಜಾಸ್ತಿ ಉಪ್ಪು ನಾಯಿಯ ಮಿದುಳಿಗೆ ಪೆಟ್ಟು ಕೊಡುತ್ತದೆ. ಮೈ ನಡುಗಿ ಫಿಟ್ಸ್ ಬರಬಹುದು. ಇನ್ನೊಮ್ಮೆ ಹೀಗಾದರೆ ಒಂದೆರಡು ತಾಸಿನೊಳಗೆ ಡಾಕ್ಟರ್ ಹತ್ತಿರ ಒಯ್ದರೆ ವಾಂತಿ ಅವರೇ ಮಾಡಿಸುತ್ತಾರೆ.

ಹುಳದ ವಿಷಯ. ಅತ್ತೆಯವರ ಮಾತು ಅನೇಕ ಮನೆಗಳಲ್ಲಿ ಕೇಳಿದ್ದೇನೆ. ಬಳ್ಳೊಳ್ಳಿಯನ್ನು ಹುಳದ ಔಷಧಿ ಅಂತ ನಂಬಬೇಡಿ. ತೂಕ ನೋಡಿ ಕೊಡುವ ಮಾತ್ರೆ ಅಗ್ಗವೂ ಹೌದು, ಸುರಕ್ಷಿತವೂ ಹೌದು. ಒಂದು ಎಸಳಿಗೆ ಟೈಗರ್ ಸಾಯುವುದಿಲ್ಲ, ಆದರೆ ದಿನಾ ಸ್ವಲ್ಪ ಸ್ವಲ್ಪ ತಿಂದರೂ ಪೆಟ್ಟು ಕೂಡುತ್ತಾ ಹೋಗುತ್ತದೆ. ಸಾರಿನಲ್ಲಿ ನೆನೆಸಿದ ರೊಟ್ಟಿ ಹಾಕುವ ರೂಢಿ ಇದ್ದರೆ ಬಿಡಿ. ಒಗ್ಗರಣೆ ಹಾಕುವ ಮೊದಲು ಬೇಳೆಯ ಕಟ್ಟು ಒಂದು ಸೌಟು ತೆಗೆದಿಟ್ಟು, ಜೋಳದ ರೊಟ್ಟಿ ಮುರಿದು ಹಾಕಿ. ಉಪ್ಪಿಲ್ಲದ ಮೊಸರೂ ಆಗುತ್ತದೆ.

ಅಡುಗೆಮನೆಯಲ್ಲಿ ಉಳಿದದ್ದರಲ್ಲಿ ಅರಿಸಿನ, ಜೀರಿಗೆ ಚಿಟಿಕೆ ತಾಗಿದರೆ ತಲೆ ಕೆಡಿಸಿಕೊಳ್ಳಬೇಡಿ. ಹೋಳಿಗೆಗೆ ಹಾಕುವ ಜಾಜಿಕಾಯಿಯನ್ನು ಇಡಿಯಾಗಿ ತಿಂದರೆ ನಡುಕ, ದಿಕ್ಕು ತಪ್ಪಿದಂಥ ನಡವಳಿಕೆ ಬರುತ್ತದೆ. ಒಣದ್ರಾಕ್ಷಿ ಕಿಡ್ನಿ ಕೆಡಿಸುತ್ತದೆ. ಅದರಲ್ಲಿರುವ ಟಾರ್ಟಾರಿಕ್ ಆಮ್ಲವೇ ಕಾರಣ ಎಂಬ ಅನುಮಾನ ಈಗ ಬಲವಾಗಿದೆ. ಅದೇ ಆಮ್ಲ ಹುಣಸೆಹಣ್ಣಿನಲ್ಲೂ ತುಂಬಾ ಇದೆ, ಹಾಗಾಗಿ ಹುಣಸೆ ಡಬ್ಬಿಯನ್ನೂ ಚಟ್ನಿ ಡಬ್ಬಿಯ ಜೊತೆ ಮೇಲಿನ ಅಟ್ಟಕ್ಕೆ ಏರಿಸಿಬಿಡಿ.