ಡಿಜಿಟಲ್ ಕ್ಯಾಮೆರಾ ಮೊದಲು ಮಾಡಿದ ಕೊಡಾಕ್ ಕಂಪನಿಯೇ ಡಿಜಿಟಲ್ ಕಾಲದಲ್ಲಿ ಮುಳುಗಿದ್ದು ಹೇಗೆ?

ಡಿಜಿಟಲ್ ಬರುತ್ತಿರುವುದು ಕೊಡಾಕ್‌ಗೆ ಗೊತ್ತೇ ಆಗಲಿಲ್ಲ ಅಂತ ತುಂಬಾ ಜನ ಹೇಳುತ್ತಾರೆ. ಅದು ಸುಮ್ನೆ ಮಾತು. 1975ರಲ್ಲಿ ಅಮೆರಿಕದ ರೋಚೆಸ್ಟರ್‌ನಲ್ಲಿ, ಅವರದೇ ಯುವ ಎಂಜಿನಿಯರ್ ಸ್ಟೀವ್ ಸ್ಯಾಸನ್ ಅಂಥ ಕ್ಯಾಮೆರಾ ಮಾಡಿ ತೋರಿಸಿದ್ದರು. ಮೂರೂವರೆ ಕೆ.ಜಿ. ಮೀರಿದ ಡಬ್ಬ. ಒಂದು ಕಪ್ಪು-ಬಿಳುಪು ಚಿತ್ರ ಕ್ಯಾಸೆಟ್ಟಿಗೆ ಇಳಿಯಲು 23 ಸೆಕೆಂಡು. ನೋಡಬೇಕೆಂದರೆ ಟೀವಿ ಬೇಕು.

ತೊಡಕು ಇದ್ದದ್ದು ದುಡ್ಡಿನ ಲೆಕ್ಕದಲ್ಲಿ. 36 ಫೋಟೊದ ರೀಲು ನೆನಪಿದೆ ಅಲ್ವಾ? ರೀಲಿಗೆ ದುಡ್ಡು, ತೊಳೆಸಲು ದುಡ್ಡು, ಪ್ರಿಂಟ್ ಹಾಕಿಸಲು ಮತ್ತೆ ದುಡ್ಡು. ಅಜ್ಜಿ ಕಣ್ಣು ಮುಚ್ಚಿಕೊಂಡ ಫೋಟೊಗೂ ಅಷ್ಟೇ ಖರ್ಚು! ಫಿಲ್ಮು, ಕಾಗದ, ಕೆಮಿಕಲ್ಲು ಮೂರನ್ನೂ ಕೊಡಾಕ್ ಮಾರುತ್ತಿತ್ತು, ಜಾಸ್ತಿ ಲಾಭ ಬರುತ್ತಿದ್ದದ್ದು ಅಲ್ಲಿಂದಲೇ. ಕ್ಯಾಮೆರಾ ಬರೀ ನೆಪ. ಡಿಜಿಟಲ್ ಬಂದರೆ ಈ ಮೂರೂ ಬೇಡ. ಹಾಲು ಕೊಡುವ ಹಸುವನ್ನು ಯಾರು ತಾವಾಗಿ ಹೊಡೆದೋಡಿಸುತ್ತಾರೆ ಹೇಳಿ?

ಆಮೇಲೆ ಅವರೂ ಡಿಜಿಟಲ್ ಕ್ಯಾಮೆರಾ ಮಾರಿದರು, ಚೆನ್ನಾಗಿಯೇ ಮಾರಿದರು. ಲಾಭ ಮಾತ್ರ ಹಳೆಯಂತೆ ಬರಲಿಲ್ಲ. ಅಷ್ಟರಲ್ಲಿ ಫೋನಿನಲ್ಲೇ ಕ್ಯಾಮೆರಾ ಬಂತು. 2012ರ ಜನವರಿಯಲ್ಲಿ ದಿವಾಳಿ ಅರ್ಜಿ ಹಾಕಿದರು.

ಜಪಾನಿನ ಫ್ಯೂಜಿಫಿಲ್ಮ್‌ಗೂ ಇದೇ ಪೆಟ್ಟು ಬಿದ್ದಿತ್ತು. ಅವರು ಫಿಲ್ಮಿನ ಕೆಮಿಕಲ್ ವಿದ್ಯೆಯನ್ನೇ ಮುಖಕ್ಕೆ ಹಚ್ಚುವ ಕ್ರೀಮು, ಔಷಧಿ, ಎಲ್‌ಸಿಡಿ ಪರದೆಗಳ ಕಡೆ ತಿರುಗಿಸಿ ಬಚಾವಾದರು.

ಅಂದಹಾಗೆ, ಕೊಡಾಕ್ ಪೂರ್ತಿ ಮುಚ್ಚಿಲ್ಲ. 2013ರಲ್ಲಿ ತುಂಬಾ ಚಿಕ್ಕದಾಗಿ ದಿವಾಳಿಯಿಂದ ಹೊರಬಂತು. ಸಿನಿಮಾದವರಿಗೆ ಬೇಕಾದ ಫಿಲ್ಮನ್ನು ರೋಚೆಸ್ಟರ್‌ನಲ್ಲೇ ತಯಾರಿಸುತ್ತಿದೆ.