ಪ್ರತಿಕ್ರಿಯೆ: ತೋಟದ ಸೆನ್ಸರ್‌ಗೆ ಲಿನಕ್ಸ್ ಬೇಕಾ?

ಮೂಡಿಗೆರೆ ತೋಟದಲ್ಲಿ ಮಣ್ಣಿನ ತೇವ ಅಳೆಯಲು ರಾಸ್‌ಬೆರಿ ಪೈ (ಅಂಗೈಯಗಲದ ಕಂಪ್ಯೂಟರ್) ಮೇಲೆ ಲಿನಕ್ಸ್ ಹಾಕಲಾ, ಇಲ್ಲಾ ಪುಟ್ಟ ಬೋರ್ಡ್ ಮೇಲೆ ರಯಟ್ (RIOT) ಥರದ ಚಿಕ್ಕ ಓಎಸ್ (ಆಪರೇಟಿಂಗ್ ಸಿಸ್ಟಂ) ಸಾಕಾ ಅಂತ ಕೇಳಿದ್ದೀರಿ. ಚಿಕ್ಕದೇ ಸಾಕು ಸರ್.

ಕಾರಣ ಬ್ಯಾಟರಿ. ಪೈ ಸುಮ್ನೆ ಕೂತಿದ್ದರೂ ಕರೆಂಟು ಕುಡಿಯುತ್ತದೆ. ರಯಟ್ ಹಾಗಲ್ಲ. ಕೆಲಸ ಇದೆಯಾ ಅಂತ ಕ್ಷಣಕ್ಕೊಮ್ಮೆ ಎದ್ದು ನೋಡುವ ಅಭ್ಯಾಸವೇ ಅದಕ್ಕಿಲ್ಲ. ಕೆಲಸ ಮುಗಿದರೆ ಬೋರ್ಡಿನ ಚಿಪ್ ಅನ್ನು ಮಲಗಿಸುತ್ತದೆ. ಟೈಮರೋ ಸೆನ್ಸರೋ ಕರೆದಾಗ ಮಾತ್ರ ಏಳುತ್ತದೆ. ಅರ್ಧ ಗಂಟೆಗೊಮ್ಮೆ ತೇವ ನೋಡಲು ಇನ್ನೇನು ಬೇಕು? 2013ರಲ್ಲಿ ಬರ್ಲಿನ್, ಹ್ಯಾಂಬರ್ಗ್ ವಿಶ್ವವಿದ್ಯಾಲಯಗಳು ಮತ್ತು ಫ್ರಾನ್ಸಿನ ಇನ್ರಿಯಾ ಸಂಶೋಧನಾ ಸಂಸ್ಥೆ ಸೇರಿ ಶುರು ಮಾಡಿದ್ದು ಈ ರಯಟ್. ಕೆಲವೇ ಕಿಲೋಬೈಟ್ ಮೆಮೊರಿಯಲ್ಲೂ ಓಡುತ್ತದೆ.

ಸಕಲೇಶಪುರದ ಹತ್ತಿರ ನಮ್ಮ ತೋಟದಲ್ಲಿ ನಾನೂ ಮೊದಲು ಪೈಯನ್ನೇ ಇಟ್ಟಿದ್ದೆ. ಮಳೆಗಾಲದಲ್ಲಿ ಕರೆಂಟು ಹೋಗಿ ಬಂದು, ಹೋಗಿ ಬಂದು, ಎರಡು ಸಲ ಎಸ್‌ಡಿ ಕಾರ್ಡ್ ಕೆಟ್ಟಿತು. (ಮನೆಯಲ್ಲಿ ಬೈಸಿಕೊಂಡಿದ್ದು ಬೇರೆ.) ಈಗ ಪೈ ಮನೆಯೊಳಗೆ ಯುಪಿಎಸ್ ಮೇಲಿದೆ, ಬಂದ ಲೆಕ್ಕ ಬರೆದಿಡುತ್ತದೆ ಅಷ್ಟೆ. ತೋಟದಲ್ಲಿ ಚಿಕ್ಕ ಬೋರ್ಡುಗಳು, ಲೆಕ್ಕ ಮನೆಗೆ ಕಳಿಸಲು ಲೋರಾ ರೇಡಿಯೋ (ಕಮ್ಮಿ ಕರೆಂಟಿನಲ್ಲಿ ದೂರಕ್ಕೆ ಕಳಿಸುವಂಥದ್ದು). ರೇಡಿಯೋ ಫ್ರೀಕ್ವೆನ್ಸಿ 865ರಿಂದ 867 ಮೆಗಾಹರ್ಟ್ಸ್ ಒಳಗೆ ಇಟ್ಟುಕೊಳ್ಳಿ, ಅದಕ್ಕೆ ಲೈಸೆನ್ಸ್ ಬೇಡ. ಒದ್ದೆ ಎಲೆ ಸಿಗ್ನಲ್ ತಿನ್ನುತ್ತದೆ, ಆಂಟೆನಾ ಆದಷ್ಟು ಎತ್ತರಕ್ಕೆ ಕಟ್ಟಿ.

ಟಾಕ್ ಬಗ್ಗೆಯೂ ಕೇಳಿದ್ದಿರಿ. ಅದು ರಸ್ಟ್ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಬರೆದ ಓಎಸ್. ಒಂದು ಆ್ಯಪ್ ಹಾಳಾದರೂ ಇನ್ನೊಂದರ ಮೆಮೊರಿ ಮುಟ್ಟಲು ಬಿಡುವುದಿಲ್ಲ. ನನಗೆ ಬಹಳ ಇಷ್ಟ. ಆದರೆ ಒಂದೇ ಪ್ರೋಗ್ರಾಂ ಓಡುವ ಬೋರ್ಡಿಗೆ ಜಾಸ್ತಿ ಆಯ್ತು, ಅಲ್ವಾ?

ಕಾಫಿ ಹೂ ಅರಳಿಸುವ ಹೂಮಳೆಗೆ ಮುಂಚೆ ಒಂದೇ ಒಂದು ಬೋರ್ಡ್ ಇಟ್ಟು ನೋಡಿ.