ಕಾರಿನಲ್ಲಿ ಗಂಡನಿಗೆ ಹೇಳ್ತಾನೇ ಇರಬೇಕಾ, ಸುಮ್ಮನಿದ್ದುಬಿಡಬೇಕಾ?

ನಿಮ್ಮ ಯಜಮಾನರು ಬೆಲ್ಟ್ ಹಾಕದೆ, ಅದರ ಎಚ್ಚರಿಕೆ ಸದ್ದು ನಿಲ್ಲಿಸೋಕೆ ಬೆಲ್ಟ್ ಸಿಕ್ಕಿಸೋ ಜಾಗಕ್ಕೆ ಬರೀ ಕ್ಲಿಪ್ ಚುಚ್ಚೋದು, ಇಂಡಿಕೇಟರ್ ಹಾಕದೆ ತಿರುಗಿಸೋದು, ಹಿಂದೆ ನೋಡದೆ ಬಾಗಿಲು ತೆಗೆಯೋದು, ಹೇಳಿದರೆ ಮನೆ ಮುಟ್ಟೋ ತನಕ ಮುಖ ಗಂಟು ಹಾಕ್ಕೊಳ್ಳೋದು. ನೀವು ಬರೆದಿದ್ದನ್ನ ಓದಿದಾಗ ನಮ್ಮನೆ ಕಾರಿನೊಳಗೇ ಯಾರೋ ಕೂತು ಬರೆದಂಗಿತ್ತು. ಸಂಸಾರದ ನೆಮ್ಮದಿಗೋಸ್ಕರ ಸುಮ್ಮನಿರಲಾ, ಇಲ್ಲಾ ತಿದ್ದಿಕೊಳ್ಳೋ ತನಕ ಹೇಳ್ತಾನೇ ಇರಲಾ ಅಂತ ಕೇಳಿದ್ದೀರಿ. ಹೇಳ್ತಾನೇ ಇದ್ದವಳು ನಾನು.

ನಾವಿರೋದು ದಾವಣಗೆರೆಯಲ್ಲಿ, ನಿಟುವಳ್ಳಿ ಕಡೆ. ನಮ್ಮನೆಯವರು ಕೆಟ್ಟದಾಗಿ ಓಡಿಸೋರಲ್ಲ. ಹೈವೇ ಹತ್ತಿದರೆ ತಾವಾಗೇ ಬೆಲ್ಟ್ ಹಾಕ್ತಾರೆ, ಲಾರಿ ಹಿಂದೆ ಅಂತರ ಬಿಡ್ತಾರೆ. ಊರೊಳಗೆ ಮಾತ್ರ ಯಾವುದೂ ಲೆಕ್ಕಕ್ಕಿಲ್ಲ. "ಇಲ್ಲೇ ಜಯದೇವ ಸರ್ಕಲ್ ತನಕ ಹೋಗಾಕೆ ಬೆಲ್ಟ್ ಯಾಕೆ" ಅಂತ ಕ್ಲಿಪ್ ಚುಚ್ಚೋರು. ಪಿ.ಬಿ. ರಸ್ತೆಯಲ್ಲಿ ಇಂಡಿಕೇಟರ್ ಇಲ್ಲದೆ ಎಡಕ್ಕೆ ಹೊರಳಿಸೋರು. ಅಂಗಡಿ ಮುಂದೆ ನಿಲ್ಲಿಸಬೇಕಾದರೆ ಕಾರನ್ನ ಅಂಚಿಗೆ ಒತ್ತದೆ, ಎಡಗಡೆ ಒಂದು ಗಾಡಿ ನುಗ್ಗೋಷ್ಟು ಜಾಗ ಬಿಟ್ಟು, ನಡುರಸ್ತೆಯಲ್ಲೇ ನಿಲ್ಲಿಸಿ "ಲಗೂನ ಇಳಿ" ಅನ್ನೋರು. ಈ ಕೊನೇದನ್ನ ನೆನಪಿಟ್ಕೊಳ್ಳಿ.

ನಾನು ಬಿಡ್ತಿರಲಿಲ್ಲ. 2022ರ ಸೆಪ್ಟೆಂಬರ್ 4ರಂದು ಉದ್ಯಮಿ ಸೈರಸ್ ಮಿಸ್ತ್ರಿ ಮಹಾರಾಷ್ಟ್ರದ ಪಾಲ್ಘರ್ ಹತ್ತಿರ ಕಾರು ಅಪಘಾತದಲ್ಲಿ ತೀರಿಕೊಂಡಾಗ, ಅಂಥಾ ದೊಡ್ಡ ಕಾರಿನಲ್ಲೂ ಹಿಂದಿನ ಸೀಟಲ್ಲಿ ಬೆಲ್ಟ್ ಹಾಕಿರಲಿಲ್ಲ ಅನ್ನೋ ಸುದ್ದಿನ ಊಟಕ್ಕೆ ಕೂತಿದ್ದವರ ಮುಂದೆ ಓದಿ ಹೇಳಿದ್ದೆ. ಹಿಂದಿನ ಸೀಟಿಗೂ ಬೆಲ್ಟ್ ಕಡ್ಡಾಯ ಅಂತ ಮೋಟಾರು ವಾಹನ ನಿಯಮದಲ್ಲಿ ಎಷ್ಟೋ ವರ್ಷದಿಂದ ಇದೆ, ಅದನ್ನೂ ತೋರಿಸಿದ್ದೆ. ಅತ್ತೆ ಮುಂದೆ, ನಾದಿನಿ ಮುಂದೆ, ಕಾರಲ್ಲಿ ಯಾರಿದ್ದರೂ ಸರಿ, ಹೇಳೋದು ಹೇಳೋದೇ. ನಾನು ಹೇಳಿದ ಒಂದು ಮಾತೂ ಸುಳ್ಳಿರಲಿಲ್ಲ, ಇವತ್ತಿಗೂ ಇಲ್ಲ.

ನಮ್ಮೂರಲ್ಲಿ ಎರಡು ವರ್ಷಕ್ಕೊಮ್ಮೆ ದುಗ್ಗಮ್ಮನ ಜಾತ್ರೆ. ಊರಿಗೆ ಊರೇ ನೆಂಟರಿಂದ ತುಂಬಿರುತ್ತೆ. ಆ ಸಲ ನನ್ನ ತಂಗಿಯರಿಗೆ ಸೀರೆ ತರೋಣ ಅಂತ ಸಂಜೆ ಮಂಡಿಪೇಟೆಗೆ ಹೊರಟ್ವಿ. ಮನೆ ಗೇಟ್ ದಾಟೋ ಮುಂಚೆನೇ ಕ್ಲಿಪ್ ವಿಷಯಕ್ಕೆ ಶುರುವಾಯ್ತು. ದಾರಿಯಲ್ಲಿ ಇಂಡಿಕೇಟರ್ ಸೇರಿಕೊಳ್ತು. ಮಂಡಿಪೇಟೆ ಮುಟ್ಟೋ ಹೊತ್ತಿಗೆ ನಾನು ಅವರ ಅಣ್ಣನ ಹಳೇ ಆಕ್ಸಿಡೆಂಟ್ ತನಕ ಹೋಗಿದ್ದೆ. ಅವರು ಎಂದಿನಂತೆ ಅಂಚು ಬಿಟ್ಟು ನಿಲ್ಲಿಸಿದರು. "ಸುಮ್ನೆ ಇಳಿತೀಯೇನು" ಅಂದರು. ನಾನು ಬೆಲ್ಟ್ ಬಿಚ್ಚಿ, ಅವರ ಕಡೆಗೇ ಮುಖ ಮಾಡಿ ಕೊನೆ ಮಾತು ಆಡ್ತಾ, ಎಡಗೈಯಿಂದ ಬಾಗಿಲು ತಳ್ಳಿದೆ.

ಎಡಗಡೆ ಸಂದಿಯಿಂದ ಎಕ್ಸೆಲ್ ಗಾಡಿ ಬರ್ತಿತ್ತು. ಎರಡೂ ಕಡೆ ಮಂಡಕ್ಕಿ ಚೀಲ ಕಟ್ಟಿತ್ತು. ಬಾಗಿಲ ಅಂಚು ಅವನ ಹ್ಯಾಂಡಲ್‌ಗೆ ಬಡೀತು, ಹುಡುಗ ಚರಂಡಿ ಕಲ್ಲಿನ ಮೇಲೆ ಭುಜ ಊರಿ ಬಿದ್ದ. ಒಂದು ಚೀಲ ಹರಿದು ಮಂಡಕ್ಕಿ ಎಲ್ಲಾ ರಸ್ತೆಗೆ ಚೆಲ್ಲಿತು. ಹೆಲ್ಮೆಟ್ ಇತ್ತು, ತಲೆಗೆ ಏನೂ ಆಗಲಿಲ್ಲ, ಅದೊಂದು ದೇವರ ದಯೆ. ಕೊರಳ ಹತ್ತಿರದ ಮೂಳೆ ಮುರಿದಿತ್ತು. ಬಟ್ಟೆ ಅಂಗಡಿಯ ಹಿರಿಯರೊಬ್ಬರು ಹೊರಗೆ ಬಂದು ನನಗೆ ಹೇಳಿದರು: "ಹಿಂದ್ ನೋಡಿ ಬಾಗ್ಲು ತೆಗೀಬಾರ್ದೇನಮ್ಮ." ನಾನು ಅಷ್ಟು ದಿನ ಮನೆಯವರಿಗೆ ಹೇಳ್ತಿದ್ದ ಮಾತು ಅದು, ಅಕ್ಷರ ವ್ಯತ್ಯಾಸ ಇಲ್ಲದೆ.

ಇಲ್ಲಿ ಸ್ವಲ್ಪ ಬಿಡಿಸಿ ಹೇಳಬೇಕು, ಯಾಕಂದ್ರೆ "ಸಿಟ್ಟಲ್ಲಿ ನೋಡಲಿಲ್ಲ" ಅಂದುಬಿಟ್ಟರೆ ಪೂರ್ತಿ ಹೇಳಿದಂಗಾಗಲ್ಲ. ಸಿಟ್ಟಿಲ್ಲದಿದ್ದರೂ ನನಗೆ ಆ ಗಾಡಿ ಸಲೀಸಾಗಿ ಕಾಣ್ತಿರಲಿಲ್ಲ. ಎಡಗಡೆ ಕನ್ನಡಿ ನನ್ನ ಪಕ್ಕದಲ್ಲೇ ಇದೆ, ಆದರೆ ಅದನ್ನ ಕೂಡಿಸಿರೋದು ಓಡಿಸೋರ ಕಣ್ಣಿಗೆ. ನಾನು ಕೂತ ಜಾಗದಿಂದ ನೋಡಿದರೆ ಅದರಲ್ಲಿ ಹಿಂದಿನ ರಸ್ತೆ ಕಾಣಲ್ಲ. ನಂಬಿಕೆ ಇಲ್ಲದಿದ್ದರೆ ಇವತ್ತು ನಿಂತ ಕಾರಲ್ಲಿ ಎಡಗಡೆ ಸೀಟಲ್ಲಿ ಕೂತು ನೋಡಿ. ಅಂದರೆ ಎಡಬಾಗಿಲಿಂದ ಇಳಿಯೋರಿಗೆ ಹಿಂದೆ ಏನು ಬರ್ತಿದೆ ಅಂತ ತಿಳಿಯಬೇಕಾದರೆ ಒಂದೋ ಕತ್ತು ಪೂರ್ತಿ ಹೊರಳಿಸಿ ನೋಡಬೇಕು, ಇಲ್ಲಾ ಸ್ಟೇರಿಂಗ್ ಹಿಡಿದವರು ಕನ್ನಡಿ ನೋಡಿ ಹೇಳಬೇಕು. ನನ್ನ ಕತ್ತು ಬಲಕ್ಕಿತ್ತು, ಅವರ ಕಡೆಗೆ. ಕನ್ನಡಿ ನೋಡಬೇಕಾದವರು ನನ್ನ ಮಾತು ಕೇಳಲಾರದೆ ಬಲಗಡೆ ಕಿಟಕಿ ಆಚೆ ನೋಡ್ತಾ ಕೂತಿದ್ದರು. ಅಂಚಿಗೆ ಒತ್ತಿ ನಿಲ್ಲಿಸಿದ್ದರೆ ಆ ಸಂದಿಯೇ ಇರ್ತಿರಲಿಲ್ಲ ಅನ್ನೋದೂ ನಿಜ, ಆದರೆ ಅವರು ಹಂಗೇ ನಿಲ್ಲಿಸ್ತಾರೆ ಅಂತ ಆ ಕಾರಲ್ಲಿ ಎಲ್ಲರಿಗಿಂತ ಚೆನ್ನಾಗಿ ಗೊತ್ತಿದ್ದವಳು ನಾನೇ. ಅವರ ಬೆಲ್ಟು, ಅವರ ಇಂಡಿಕೇಟರು, ಅವರ ಕೈ, ಇಷ್ಟನ್ನೇ ಕಾಯ್ತಾ ಕಾಯ್ತಾ ನನ್ನ ಕಡೆ ಇದ್ದ ಒಂದೇ ಒಂದು ಬಾಗಿಲನ್ನ ನಾನು ಯಾವತ್ತೂ ನನ್ನ ಲೆಕ್ಕಕ್ಕೆ ತಗೊಂಡಿರಲಿಲ್ಲ.

ಹುಡುಗನ್ನ ನಾವೇ ಆಸ್ಪತ್ರೆಗೆ ಕರ್ಕೊಂಡು ಹೋದ್ವಿ, ಪೊಲೀಸ್ ಠಾಣೆಗೂ ಹೋಗಿ ಹೇಳಿದ್ವಿ. ಗಾಯ ಆದವರಿಗೆ ಚಿಕಿತ್ಸೆ ಕೊಡಿಸಿ, 24 ಗಂಟೆಯೊಳಗೆ ಠಾಣೆಗೆ ತಿಳಿಸೋದು ಮೋಟಾರು ವಾಹನ ಕಾಯ್ದೆಯ 134ನೇ ಕಲಂ ಪ್ರಕಾರ ಓಡಿಸೋರ ಕರ್ತವ್ಯ. ಎಷ್ಟೋ ಜನ ಜಾಗದಲ್ಲೇ ಕೈಗೆ ದುಡ್ಡಿಟ್ಟು ಹೊರಟುಬಿಡ್ತಾರೆ, ದಯವಿಟ್ಟು ಹಂಗೆ ಮಾಡಬೇಡಿ. ಆ ಹುಡುಗ ಮಂಡಕ್ಕಿ ಭಟ್ಟಿಯಿಂದ ಅಂಗಡಿಗಳಿಗೆ ಚೀಲ ಹಾಕೋನು. ಕೈ ಎತ್ತೋಕೆ ಆಗದಿದ್ದರೆ ಅವತ್ತಿನ ಕೂಲಿ ಇಲ್ಲ. ಆಸ್ಪತ್ರೆ ಖರ್ಚು, ಅವನು ಮತ್ತೆ ಕೆಲಸಕ್ಕೆ ಹೋಗೋ ತನಕದ ಕೂಲಿ ನಾವು ಕೊಟ್ವಿ. ಅವರಮ್ಮ ಒಂದು ಸಲ ಮನೆಗೆ ಬಂದಿದ್ದರು. ಬೈತಾರೆ ಅಂದ್ಕೊಂಡಿದ್ದೆ. ಟೀ ಕುಡಿದು, ಮಗನಿಗೆ ರಾತ್ರಿ ಮಗ್ಗಲು ಬದಲಿಸೋಕೆ ಆಗ್ತಿಲ್ಲ ಅಂತ ಹೇಳಿ ಹೋದರು.

ನಮ್ಮತ್ತೆ ಆಗ ಅಂದಿದ್ದು, "ಅದಕ್ಕೇ ಗಂಡಸ್ರು ಗಾಡಿ ಓಡಿಸುವಾಗ ಬಾಯಿ ಹಾಕಬಾರ್ದು." ನೀವು ಕೇಳಿರೋ ಮೊದಲನೇ ದಾರಿ ಇದೇ. ಇದನ್ನ ನಾನು ಒಪ್ಪಲ್ಲ. ಸುಮ್ಮನಿದ್ದರೆ ಕ್ಲಿಪ್ಪು ಅಲ್ಲೇ ಇರುತ್ತೆ. ಎರಡನೇ ದಾರಿ ನಾನು ಹಿಡಿದಿದ್ದು, ಅದರ ಕತೆ ಈಗ ಹೇಳಿದೆ. ನಿಮ್ಮ ಪ್ರಶ್ನೆಯಲ್ಲಿ ನನಗೆ ಒಪ್ಪಿಗೆ ಆಗದೇ ಇರೋದು ಬೇರೆನೇ ಇದೆ. ತಪ್ಪು ಮಾಡೋರು ಅವರು, ಹೇಳಬೇಕಾದವರು ನೀವು ಅಂತ ಮೊದಲೇ ಪಾಲು ಮಾಡಿಕೊಂಡು ಕೇಳಿದ್ದೀರಿ.

ನಮ್ಮಲ್ಲಿ ಮಾತು ಬದಲಾಗಿದ್ದು ಕಾರಿನೊಳಗಲ್ಲ, ಅಡುಗೆಮನೆಯಲ್ಲಿ. ಆ ಹುಡುಗನ ಕೂಲಿ ಕೊಟ್ಟು ಬಂದ ಒಂದು ರಾತ್ರಿ ನಾನೇ ಕೇಳಿದೆ, ನಾನು ಕಾರಲ್ಲಿ ಮಾಡೋದ್ರಲ್ಲಿ ನಿಮಗೆ ಭಯ ಆಗೋದು ಏನು ಅಂತ. ಅಷ್ಟು ವರ್ಷ ಯಾರೂ ಕೇಳಿರಲಿಲ್ಲವಲ್ಲ, ತಡೆದು ತಡೆದು ಹೇಳಿದರು. ಓಡಿಸ್ತಿರುವಾಗ ಮೊಬೈಲ್ ಮುಖದ ಹತ್ತಿರ ತಂದು "ಇದು ನೋಡ್ರಿ" ಅಂತೀನಂತೆ. ಕಾಲ ಹತ್ತಿರ ಇಟ್ಟ ನೀರಿನ ಬಾಟ್ಲಿ ಉರುಳಿ ಅವರ ಪೆಡಲ್ ಕಡೆ ಹೋಗುತ್ತಂತೆ. ಎಲ್ಲಕ್ಕಿಂತ ಹೆಚ್ಚಾಗಿ, ಭರಮಸಾಗರದ ಹತ್ತಿರ ಹೈವೇಯಲ್ಲಿ ಲಾರಿ ಹಿಂದೆ ಹಾಕುವಾಗ, ಅರ್ಧ ದಾಟಿರೋ ಹೊತ್ತಿಗೆ "ನಿಧಾನ ರೀ!" ಅಂತ ಕೂಗ್ತೀನಂತೆ. ಬೆಚ್ಚಿ ಕಾಲು ಬ್ರೇಕ್ ಕಡೆ ಹೋಗುತ್ತೆ ಅಂದರು. ಗಂಟೆಗೆ 80 ಕಿ.ಮೀ. ವೇಗದಲ್ಲಿ ಕಾರು ಒಂದು ಸೆಕೆಂಡಿಗೆ 22 ಮೀಟರ್ ಮುಂದೆ ಹೋಗಿರುತ್ತೆ. ಆ ಒಂದು ಸೆಕೆಂಡನ್ನ ಅವರಿಂದ ಕಿತ್ಕೊಳ್ತಿದ್ದದ್ದು ನನ್ನ ಕೂಗು.

ಅವತ್ತಿಂದ ನಮ್ಮಲ್ಲಿ ಇರೋದು ಇಷ್ಟೇ. ಗಾಡಿ ಚಾಲೂ ಇದ್ದಾಗ ಕಾರಿನ ಹೊರಗಿನದನ್ನ ಮಾತ್ರ ಹೇಳಬೇಕು: ಎಡಕ್ಕೆ ಬೈಕ್ ಇದೆ, ಮುಂದೆ ಹಂಪ್ ಇದೆ, ದನ ಅಡ್ಡ ಬಂತು. ಓಡಿಸೋರ ಬಗ್ಗೆ ಒಂದು ಮಾತೂ ಇಲ್ಲ, ಅದು ಎಂಜಿನ್ ಆಫ್ ಆದ ಮೇಲೆ. ನಾನು ಓಡಿಸುವಾಗ ಅವರಿಗೂ ಇದೇ. ಬೆಲ್ಟ್ ಚರ್ಚೆಯ ವಿಷಯವೇ ಅಲ್ಲ, ಹಾಕಿದ ಮೇಲೇ ಕೀ ತಿರುಗಿಸೋದು, ಹಿಂದೆ ಕೂತ ಅತ್ತೆಯವರಿಗೂ ಸೇರಿಸಿ.

ಬಾಗಿಲಿಗೆ ಇನ್ನೊಂದು. ನಿಂತ ಮೇಲೆ ಅವರು ಎಡಗನ್ನಡಿ ನೋಡಿ "ತೆಗಿ" ಅನ್ನೋ ತನಕ ನಾನು ಹಿಡಿ ಮುಟ್ಟಲ್ಲ. ತೆಗೆಯೋದೂ ಬಲಗೈಯಿಂದ. ಎಡಬಾಗಿಲನ್ನ ಬಲಗೈಯಿಂದ ತೆಗೆಯೋಕೆ ಹೋದರೆ ಭುಜ ತಾನಾಗೇ ತಿರುಗುತ್ತೆ, ಭುಜದ ಜೊತೆ ಕತ್ತೂ ತಿರುಗಿ ಕಣ್ಣು ಹಿಂದಿನ ರಸ್ತೆಗೆ ಬೀಳುತ್ತೆ. ಸ್ಟೇರಿಂಗ್ ಕಡೆ ಕೂತವರು ಎಡಗೈಯಿಂದ ತೆಗೀಬೇಕು. ಸೈಕಲ್ ಹೆಚ್ಚಿರೋ ನೆದರ್ಲೆಂಡ್ಸ್‌ನಲ್ಲಿ ಈ ರೂಢಿ ಇದೆ, ಅದಕ್ಕೇ ಇದಕ್ಕೆ ಡಚ್ ರೀಚ್ ಅಂತಾರೆ. ಅಶೋಕ ರಸ್ತೆ, ಮಂಡಿಪೇಟೆ ಥರದ ಇಕ್ಕಟ್ಟಿಗೆ ಇದು ಅಲ್ಲಿಗಿಂತ ಹೆಚ್ಚು ಬೇಕು ಅಂತೀನಿ ನಾನು. ಮೊದಲು ಅಡ್ಡಾದಿಡ್ಡಿ ಅನ್ಸುತ್ತೆ, ಆಮೇಲೆ ಕೈಗೆ ಕೂತುಬಿಡುತ್ತೆ.

ನಿಮ್ಮ ಯಜಮಾನರ ಕ್ಲಿಪ್ ವಿಷಯದಲ್ಲಿ ಮಾತ್ರ ಹೊಂದಾಣಿಕೆ ಬೇಡ. ಸದ್ದು ನಿಲ್ಲಿಸೋ ಅಂಥ ಕ್ಲಿಪ್ಪುಗಳನ್ನ ಆನ್‌ಲೈನಲ್ಲಿ ಮಾರಬಾರದು ಅಂತ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2023ರಲ್ಲಿ ಆದೇಶ ಮಾಡಿ, 13,000ಕ್ಕೂ ಹೆಚ್ಚು ಕಡೆ ಅವನ್ನ ತೆಗೆಸಿ ಹಾಕಿದೆ. ಏರ್‌ಬ್ಯಾಗ್ ಇದೆಯಲ್ಲ ಅಂತ ನಮ್ಮನೆಯವರೂ ಅಂತಿದ್ದರು. ಏರ್‌ಬ್ಯಾಗ್ ಲೆಕ್ಕ ಹಾಕಿರೋದು ಬೆಲ್ಟ್ ಹಿಡಿದಿಟ್ಟಿರೋ ಮೈಗೆ. ಬೆಲ್ಟ್ ಇಲ್ಲದಿದ್ದರೆ ಮೈ ಮುಂದಕ್ಕೆ ಹಾರುತ್ತೆ, ಅದೇ ಗಳಿಗೆಗೆ ಅದು ಎದುರಿಂದ ಸಿಡಿದು ಬಂದು ಮುಖಕ್ಕೆ ಎದೆಗೆ ಹೊಡೆಯುತ್ತೆ. ಇದನ್ನ ಮನೆಯಲ್ಲಿ ಕೂತು, ಅವರ ಅಮ್ಮ ತಮ್ಮಂದಿರು ಇಲ್ಲದಾಗ ಹೇಳಿ. ನಮ್ಮ ಕಾರಲ್ಲಿ ಈಗ ಕ್ಲಿಪ್ ಇಲ್ಲ. ಯಾವಾಗ ತೆಗೆದರು ಅಂತ ನಾನು ಕೇಳೋಕೆ ಹೋಗಿಲ್ಲ.

ಇನ್ನು ನೀವು ಪ್ರಶ್ನೆ ಮಧ್ಯೆ ಎಲ್ಲೋ ಹೇಳಿಬಿಟ್ಟಿರೋ ಒಂದು ಮಾತು. ಮುಂದಿನ ಸೀಟಲ್ಲಿ ಪಾಪು ನಿಮ್ಮ ತೊಡೆ ಮೇಲಿರುತ್ತೆ, ಹಾಗಾಗಿ ಕೂಗಾಡಿದರೆ ಅಳುತ್ತೆ ಅಂತ ಬರೆದಿದ್ದೀರಿ. ನಿಮ್ಮ ಕಡೆಯ ಬಾಗಿಲು ಇದು, ತಂಗಿ. ಗಾಡಿ ಗುದ್ದಿದಾಗ ಎಷ್ಟು ಗಟ್ಟಿಯಾಗಿ ಹಿಡಿದರೂ ತಾಯಿ ಕೈಗೆ ಪಾಪು ನಿಲ್ಲಲ್ಲ. 50 ಕಿ.ಮೀ. ವೇಗದಲ್ಲಿ ಗುದ್ದಿದರೆ ಹತ್ತು ಕೆಜಿ ಮಗುವನ್ನ ತಡೆಯೋಕೆ ನೂರು ಕೆಜಿಗೂ ಮೀರಿದ ಹಿಡಿತ ಬೇಕು, ಹಿಂದೆ ನಿಮ್ಮ ಮೈ, ಮುಂದೆ ಏರ್‌ಬ್ಯಾಗ್, ನಡುವೆ ಅದು. ನಿಮ್ಮ ಬೆಲ್ಟಿನೊಳಗೇ ಅದನ್ನೂ ಸೇರಿಸಿಕೊಂಡರೆ ಇನ್ನೂ ಕೆಟ್ಟದ್ದು, ನಿಮ್ಮ ಭಾರವೆಲ್ಲ ಅದರ ಮೇಲೇ ಬೀಳುತ್ತೆ. ಕಾನೂನಲ್ಲೂ 14 ವರ್ಷದೊಳಗಿನವರಿಗೆ ಬೆಲ್ಟ್ ಇಲ್ಲಾ ಮಕ್ಕಳ ಸೀಟ್ ಇರಲೇಬೇಕು, 2019ರ ತಿದ್ದುಪಡಿಯಲ್ಲಿ 194ಬಿ ಕಲಂ ಅಂತ ಸೇರಿಸಿದ್ದಾರೆ. ನಿಮ್ಮ ಪಾಪು ವಯಸ್ಸಿಗೆ, ತೂಕಕ್ಕೆ ಸರಿಯಾದ ಮಕ್ಕಳ ಸೀಟ್ ತಗೊಂಡು ಹಿಂದಿನ ಸೀಟಲ್ಲಿ ಕೂಡಿಸಿ. ಹಿಂದಕ್ಕೆ ಮುಖ ಮಾಡಿ ಕೂರಿಸೋ ಥರದ್ದಾದರೆ ಏರ್‌ಬ್ಯಾಗ್ ಇರೋ ಮುಂದಿನ ಸೀಟಿಗೆ ಯಾವ ಕಾರಣಕ್ಕೂ ಇಡಬೇಡಿ. ಕಾರಿನ ಹಿಂದಿನ ಸೀಟಿನ ಸಂದಿಯಲ್ಲಿ ಮಕ್ಕಳ ಸೀಟನ್ನ ಕಾರಿಗೆ ಸಿಕ್ಕಿಸೋ ಐಸೋಫಿಕ್ಸ್ ಅನ್ನೋ ಕೊಂಡಿ ಇದೆಯಾ ಅಂತ ಮೊದಲು ನೋಡಿ, ಅದರ ಮೇಲೆ ಯಾವ ಸೀಟ್ ಅನ್ನೋದು ತೀರ್ಮಾನ ಆಗುತ್ತೆ. ಅದು ಬರೋ ತನಕ ಪಾಪು ಕರ್ಕೊಂಡು ಕಾರಲ್ಲಿ ಹೋಗಲೇಬೇಕಾದ ಕೆಲಸ ಏನಿದೆ ಅಂತ ಇಬ್ಬರೂ ಕೂತು ಯೋಚನೆ ಮಾಡಿ. ಯಜಮಾನರಿಗೆ ಕ್ಲಿಪ್ ವಿಷಯ ಎತ್ತೋ ಮುಂಚೆ ಈ ಕೆಲಸ ಆಗಲಿ.